ಹಸರು ದಾರದ ರಸಮಟ್ಟ

ಹೊಸದಾಗಿ ಗುತ್ತೇದಾರಿಕಿ ಹಿಡದವರು ನಮ್ಮ ಮನಿಗಿ ಬರ್ತಾರ, ಚಾ ಕುಡೀತಾರ, ಕಡೀಕ ಒಂದೇ ಮಾತು ಕೇಳ್ತಾರ. "ಕಾಕಾ, ಮಳಿಗಾಲದ ನಾಕು ತಿಂಗಳು ಕೆಲಸ ನಿಂತು ಹೋಗ್ತದ. ಆಗ ಏನು ಮಾಡಬೇಕ್ರಿ? ನೀವು ಏನು ಮಾಡ್ತಿದ್ರಿ?" ಅಫಜಲಪುರ, ಆಳಂದ, ಜೇವರ್ಗಿ, ಈ ಮೂರು ತಾಲೂಕಿನಾಗ ಇಪ್ಪತ್ತು ವರ್ಷದ ಮ್ಯಾಲ ಮನಿ, ಸಾಲಿ ಕೋಣಿ ಕಟ್ಟಿಸಿದಾಂವ ನಾನು. ಇದಕ್ಕ ನನ್ನ ಹತ್ರ ಉತ್ತರ ಇರಬೇಕು. ಆದ್ರ ಖರೇ ಹೇಳ್ತೇನಿ, ಆ ನಾಕು ತಿಂಗಳದಾಗ ನಾ ಮಾಡಿದ್ದು ಚಲೋ ಆಯ್ತೋ ಕೆಟ್ಟ ಆಯ್ತೋ ಅನ್ನೂದು ನನಗ ಇನ್ನೂ ಬಗೀಹರಿದಿಲ್ಲ. ಅದಕ್ಕ ಆದದ್ದು ಆದಂಗ ಬರದಿಡ್ತೇನಿ. ನಿಮಗರ ತಿಳದ್ರ ನನಗೂ ಹೇಳ್ರಿ.

ನಮ್ಮ ಕಡಿ ಮಳಿ ಏನು ಬಕ್ಕಳ ಆಗೂದಿಲ್ಲ. ಆದ್ರ ಎರಿ ಭೂಮಿ. ಎರಡು ಮಳಿ ಬಿದ್ರ ಸಾಕು, ಬಂಡಿ ಗಾಲಿ ಗುಂಬದ ತನಕ ಹುಗೀತಾವ, ಲಾರಿ ಅಂತೂ ದೂರದ ಮಾತು. ಭೀಮಾ ನದಿ ತುಂಬಿದ್ರ ಉಸುಕು ಸಿಗೂದಿಲ್ಲ. ಇದ್ದ ಆಳುಗಳು ಕಳೇವು ಅಂತ ಹೊಲಕ್ಕ ಹೋಗಿಬಿಡ್ತಾರ. ಗುತ್ತೇದಾರ ಅನ್ನಿಸಿಕೊಂಡಾಂವ ಕಟ್ಟೀ ಮ್ಯಾಲ ಕುಂತು ಮಾಡ ನೋಡಬೇಕು.

ಎಪ್ಪತ್ತರ ದಶಕದ ನಡುವ ನಾ ಈ ಕೆಲಸಕ್ಕ ಬಂದಾಗ ನನ್ನ ಹತ್ರ ಗೋಡಿ ಕಟ್ಟೋ ಗೌಂಡಿಗಳು ಹನ್ನೊಂದು ಮಂದಿ ಇದ್ರು. ಮೊದಲನೇ ಮಳಿಗಾಲಕ್ಕ ಅವರಿಗೆಲ್ಲಾ, "ಹೋಗಿ ಬರ್ರಿ, ದೀಪಾವಳಿಗಿ ಸಿಗೂಣು" ಅಂದೆ. ಸೊಲ್ಲಾಪುರ, ಪುಣೆ ಹಾದಿ ಹಿಡದ್ರು. ದೀಪಾವಳಿಗಿ ಹೊಳ್ಳಿ ಬಂದವರು ಇಬ್ಬರು. ಅವರೊಳಗ ಒಬ್ಬರು ಲಾಲಸಾಬ ಕಾಕಾ.

ಲಾಲಸಾಬ ಕಾಕಾ ಆಳಂದದವರು, ನನಗಿಂತ ಹನ್ನೆರಡು ವರ್ಷ ದೊಡ್ಡವರು, ನನ್ನ ಹೆಡ್ ಗೌಂಡಿ. ಹೆಡ್ ಗೌಂಡಿ ಅಂದ್ರ ಏನು ಅಂತ ನಿಮಗ ಬಿಡಿಸಿ ಹೇಳಬೇಕು. ಮಟ್ಟ ನೋಡೂದು, ಉಳಿದ ಗೌಂಡಿಗಳನ್ನ ನಡಸೂದು, ಎಲ್ಲಾ ಅವರದೇ ಜಿಮ್ಮಾ. ನಾ ಅಡತಿ ಅಂಗಡಿ ಮನಿತನದಾಗ ಹುಟ್ಟಿದಾಂವ. ಜೋಳದ ಚೀಲ ನೋಡಿ ತೂಕ ಹೇಳತಿದ್ದೆ, ಗೋಡಿ ನೋಡಿ ಡೊಂಕದನೋ ನೆಟ್ಟಗದನೋ ಹೇಳಾಕ ಬರತಿರಲಿಲ್ಲ. ರಸಮಟ್ಟ ಅನ್ನೂದು ನೀವು ನೋಡೀರಿ: ಉದ್ದನ ಪಟ್ಟಿ, ನಡುವ ಗಾಜಿನ ಕೊಳವಿ, ಅದರಾಗ ಒಂದು ಗುಳ್ಳಿ. ಗುಳ್ಳಿ ಎರಡು ಗೆರಿ ನಡುವ ನಿಂತ್ರ ಕೆಳಗಿನ ಕಲ್ಲು ಮಟ್ಟ ಅದ ಅಂತ ಅರ್ಥ. ಅಷ್ಟೂ ನನಗ ಗೊತ್ತಿರಲಿಲ್ಲ. ಒಮ್ಮಿ ಎಲ್ಲಾರ ಮುಂದ ಅದನ್ನ ಬುಡಮೇಲು ಹಿಡದು, "ಹೂಂ, ಸರಿ ಅದ" ಅಂದೆ. ಲಾಲಸಾಬ ಕಾಕಾ ನನ್ನ ಕೈಯಾಗಿಂದ ಸಾವಕಾಶ ಇಸ್ಕೊಂಡು, "ಸಾವ್ಕಾರ್ರು ನೋಡಿದ್ರಂದ್ರ ಮುಗೀತು, ನಡೀರಿ" ಅಂತ ಉಳಿದವರನ್ನ ಕೆಲಸಕ್ಕ ಹಚ್ಚಿದ್ರು. ಅವರು ನನ್ನ ಮರ್ಯಾದಿ ಉಳಿಸಿದ್ರೋ, ಇಲ್ಲಾ ನನಗ ತಿಳೀತದ ಅಂತ ಖರೇನ ನಂಬಿದ್ರೋ, ಅವತ್ತು ನನಗ ಗೊತ್ತಾಗಲಿಲ್ಲ. ನಾನೂ ಕೇಳಲಿಲ್ಲ.

ಒಂದು ಮಾತು ಮಾತ್ರ ಪಕ್ಕಾ ತಿಳೀತು. ಲಾಲಸಾಬ ಕಾಕಾ ಪುಣೆದಾಗ ನಿಂತುಬಿಟ್ರ ನಾ ಗುತ್ತೇದಾರ ಅಲ್ಲ, ಮತ್ತ ಜೋಳದ ಚೀಲ ಎಣಿಸಾಕ ಹೋಗಬೇಕು. ಅವರನ್ನ ಮಳಿಗಾಲ ದಾಟಿಸೂದೇ ನನ್ನ ಧಂದೆ ಆಯ್ತು.

ಆ ವರ್ಷ ಸೊಲ್ಲಾಪುರಕ್ಕ ಹೋದಾಗ ಅವರಿಗಂತ ಒಂದು ರಸಮಟ್ಟ ತಂದೆ. ಸಾಗವಾನಿ ಕಟ್ಟಿಗಿ, ಎರಡೂವರಿ ಫೂಟು, ತುದಿಗಿ ಹಿತ್ತಾಳಿ ಪಟ್ಟಿ. ಅವರು ಅದನ್ನ ಎರಡೂ ಕೈಲೆ ತಗೊಂಡು, ದರ್ಗಾಕ್ಕ ಒಯ್ದು, ಒಂದು ತುದಿಗಿ ಹಸರು ದಾರ ಕಟ್ಟಿಸಿಕೊಂಡು ಬಂದ್ರು. ದಸರಾದಾಗ ನಾ ಅದೇ ತುದಿಗಿ ವಿಭೂತಿ ಹಚ್ಚಿದೆ. ಹಂಗಾಗಿ ಅದು ದೇವರ ತುದಿ ಆಯ್ತು. ಮುಂದ ಲಾಲಸಾಬ ಕಾಕಾ ಎಲ್ಲೇ ರಸಮಟ್ಟ ಇಡ್ಲಿ, ದಾರ ಇದ್ದ ತುದಿ ಬಲಗೈ ಕಡೀನೇ ಇರಬೇಕು. ಒಬ್ಬ ಗೌಂಡಿ ಗಡಿಬಿಡ್ಯಾಗ ಎಡಕ್ಕ ಇಟ್ಟಾಗ, "ದೇವರನ್ನ ಎಡಗೈಲೆ ಮುಟ್ತಿ ಏನಲೇ" ಅಂತ ಬೈದಿದ್ರು. ಅದೇನು ತಪ್ಪು ಪದ್ಧತಿ ಅಂತ ನನಗ ಅನಿಸಲಿಲ್ಲ. ಸಾಮಾನಿಗಿ ಮರ್ಯಾದಿ ಕೊಡೋ ಮನಷ್ಯಾ ಕೆಲಸಕ್ಕೂ ಕೊಡ್ತಾನ ಅಂತ ಹೆಮ್ಮೀನೇ ಆಗಿತ್ತು.

ಇನ್ನ ಜಾಳಗಿ ಕತಿ. "ಗಾಳಿ ಬಂದಾಗ ತೂರ್ಕೋ" ಅಂತಾರ. ನಾನು ಗಾಳಿ ಇಲ್ಲದಾಗೂ ತೂರಬೇಕು ಅನ್ನೋ ಜಾತಿ. ಮತ್ತೊಂದು ಮಳಿಗಾಲ ಬಂದಾಗ ನಮ್ಮಪ್ಪನ ಹಳೀ ಗೋದಾಮಿನಾಗ ಸಿಮೆಂಟಿನ ಜಾಳಗಿ ಎರಕ ಹೊಯ್ಯಾಕ ಶುರು ಮಾಡಿಸಿದೆ. ಮನಿ ಗೋಡಿಯೊಳಗ ಬೆಳಕು ಗಾಳಿಗಿ ಕೂಡಸ್ತಾರಲ್ಲ, ಆ ಜಾಳಗಿ. ಮಳಿಯಾಗ ಮಾಡಿಟ್ರ ಬ್ಯಾಸಗಿಗಿ ತಯಾರು, ಗೌಂಡಿಗಳಿಗೂ ಕೆಲಸ, ಲಾಲಸಾಬ ಕಾಕಾನೂ ಪುಣೆಗಿ ಹೋಗೂದಿಲ್ಲ. ಎಂಥಾ ತಲಿ ಓಡಿಸಿದೆ ಅಂತ ನನಗ ನಾನೇ ಖುಷಿ ಪಟ್ಟೆ.

ರಮಜಾನ್ ಬಂತು. ಲಾಲಸಾಬ ಕಾಕಾ ಒಂದು ತಿಂಗಳು ಆಳಂದಕ್ಕ ಹೋದ್ರು. ನಾನೇ ಮುಂದ ನಿಂತು ಎರಕ ಹೊಯ್ಯಿಸಿದೆ. ಸಿಮೆಂಟು ಹೊಯ್ಯೋ ಅಚ್ಚಿಗಿ ಒಂದು ಮಗ್ಗಲಿಗಿ ಕಟ್ಟಿಗಿ ಪಟ್ಟಿ ಕಡಿಮಿ ಬಿತ್ತು. ಗೂಟಕ್ಕ ಕಾಕಾನ ರಸಮಟ್ಟ ಖಾಲಿ ಜೋತುಬಿದ್ದಿತ್ತು. ಮಳಿಗಾಲದಾಗ ಅದಕ್ಕರ ಏನು ಕೆಲಸ? ಮನಷ್ಯಾರು ಖಾಲಿ ಕುಂಡ್ರಬಾರದು, ಸಾಮಾನ ಯಾಕ ಕುಂಡ್ರಬೇಕು ಅಂತ ಅದನ್ನೇ ಅಚ್ಚಿಗಿ ಆನಿಸಿ, ಅಲುಗಾಡಬಾರದಂತ ಮ್ಯಾಲ ಎರಡು ಕಲ್ಲು ಹೇರಿದೆ. ಇಪ್ಪತ್ತೈದು ದಿನ ಹಸಿ ಸಿಮೆಂಟಿನಾಗ ಇತ್ತು. ಕಾಕಾ ಬರೋ ಹಿಂದಿನ ದಿನ ತೊಳದು, ಒರಸಿ, ಎಣ್ಣಿ ಹಚ್ಚಿ, ಗೂಟಕ್ಕ ಹಾಕಿದೆ. ಮೊದಲಿಗಿಂತ ಹೊಳೀತಿತ್ತು.

ಜಾಳಗಿ ಮಾಡಿ ಮುಗಿಸಿದ್ವಿ, ಅಫಜಲಪುರದಾಗ ಯಾರಿಗೂ ಜಾಳಗಿ ಬ್ಯಾಡಾಯ್ತು. ಆ ವರ್ಷ ಎಲ್ಲಾರಿಗೂ ಕಬ್ಬಿಣದ ಗ್ರಿಲ್ ಹುಚ್ಚು. ಕಡೀಕ ದತ್ತಪ್ಪನ ಕ್ಷೇತ್ರ ಗಾಣಗಾಪುರದಿಂದ ಒಬ್ಬ ಲಾಡ್ಜಿನವ ಬಂದು ಅಷ್ಟೂ ಜಾಳಗಿ ಒಯ್ದ. ಯಾತಕ್ಕ ಅಂತ ಕೇಳಿದ್ರ, "ಮಂದಿ ಸಂಗಮದಾಗ ಮುಳುಗಿ ಬರ್ತಾರ್ರಿ, ಹಸಿ ಧೋತರ ಒಣಗಬೇಕಂದ್ರ ಗ್ವಾಡಿಗಿ ತೂತು ಬೇಕು" ಅಂದ. ಇದನ್ನ ನಾ ವಿಚಾರ ಮಾಡಿ ಮಾಡಿದ್ದಲ್ಲ. ವಿಚಾರ ಮಾಡಿದ್ದು ಒಂದೂ ಆಗಲಿಲ್ಲ, ಮಾಡದ್ದು ಆಯ್ತು. ನನ್ನ ಮನಿಯಾಕಿ, "ನಿಮ್ಮ ಶಾಣ್ಯಾತನಕ್ಕಿಂತ ದತ್ತಪ್ಪನ ನದಿ ನೀರು ಶಾಣ್ಯಾ ಅದ" ಅಂತ ನಕ್ಕಿದ್ಲು.

ಮುಂದಿನ ಎರಡು ಬ್ಯಾಸಗಿ ಭರ್ಜರಿ ಕೆಲಸ ನಡೀತು. ಆಮ್ಯಾಲ ಒಂದು ಮಳಿಗಾಲದಾಗ, ಬ್ಯಾರೆ ಏನೂ ತೋಚಲಾರದ, ಒಂದು ಹೊಸ ವಿಚಾರ ಹೊಳೀತು. ಮಾಳಗಿ ಚಲೋ ಅದನೋ ಇಲ್ಲೋ ಅನ್ನೂದು ಬ್ಯಾಸಗ್ಯಾಗ ತಿಳಿಯೂದಿಲ್ಲ. ಮಳಿಯಾಗೇ ತಿಳೀತದ. ನಾವು ಕಟ್ಟಿದ ಮನಿ ಮಳಿ ಬಿದ್ದಾಗಲೇ ಹೋಗಿ ಯಾಕ ನೋಡಬಾರದು? ಲಾಲಸಾಬ ಕಾಕಾಗೂ ಈ ಮಾತು ಭಾಳ ಹಿಡಿಸ್ತು. "ಮಾಡಿದ ಕೆಲಸದ ಮಾರಿ ನೋಡಿ ಬರೂಣು ನಡೀರಿ ಸಾವ್ಕಾರ್ರ" ಅಂದ್ರು. ಒಂದೇ ಛತ್ರಿ, ಇಬ್ಬರೂ ಹೊಂಟ್ವಿ.

ಮೊದಲು ಮಣ್ಣೂರ. ಅಲ್ಲಿ ಸಾಲಿ ಕಲಸೋ ಅಕ್ಕೋರ ಮನಿ ನಾವು ಹಿಂದಿನ ವರ್ಷ ಕಟ್ಟಿದ್ದು. ಒಳಗ ಹೋದ್ರ, ಬಾಗಲಿಗಿ ಬೆನ್ನು ಮಾಡಿ ನಿಂತ್ರ ಬಲಗಡಿ ಮೂಲ್ಯಾಗ ಸೋರಾಕತ್ತಿತ್ತು. ಕೆಳಗ ಬೋಗಾಣಿ ಇಟ್ಟಿದ್ರು.

"ಅಕ್ಕೋರ, ಹೇಳಿ ಕಳಸಬಾರದೇನ್ರಿ?"

"ಮನಿ ಅಂದ್ಮ್ಯಾಲ ಒಂದೀಟು ಸೋರತದ್ರಿ. ಅದಕ್ಕ ನಿಮಗ್ಯಾಕ ತ್ರಾಸ" ಅಂದ್ರು ಅವರು.

ಮಾಳಗಿ ಹತ್ತಿ ನೋಡಿದ್ವಿ. ನೀರು ಹೊರಗ ಬೀಳೋ ದೋಣಿ ಎಡಕ್ಕ, ನೀರು ನಿಂತದ್ದು ಬಲಕ್ಕ. ಲಾಲಸಾಬ ಕಾಕಾ ನಿಂತ ನೀರಾಗ ಬರಿಗಾಲ ಇಟ್ಟು ನೋಡಿದ್ರು. "ನಾ ಇಲ್ಲಿ ನೀರು ಹರಿಯೋ ಇಳಕಲ ಎಡಕ್ಕೇ ಕೊಟ್ಟಿದ್ದೆ. ಗುಳ್ಳಿ ನೋಡಿ ಕೊಟ್ಟಿದ್ದೆ" ಅಂದ್ರು. ಮಳಿ ಬಿಟ್ಟ ಮ್ಯಾಲ ಎರಡು ದಿನ ಅಲ್ಲೇ ನಿಂತು ಸರಿ ಮಾಡಿದ್ವಿ. ಮುಂದ ಇನ್ನೊಂದು ಮನಿ ನೋಡಿದ್ವಿ. ಅಲ್ಲೂ ಬಲಗಡಿ ಮೂಲಿ. ನನಗ ತಲಿ ಕೆಟ್ಟಂಗಾಯ್ತು.

ಇತ್ತ ಊರಾಗಿನ ಮಾತು ಬ್ಯಾರೆ. ತಾನೇ ಬಂದು ದುರಸ್ತಿ ಮಾಡ್ತಾನ, ಭಾಳ ಜಿಮ್ಮೇದಾರಿ ಮನಷ್ಯಾ ಅಂತ ಅರ್ಧ ಮಂದಿ ಅಂದ್ರು. "ಅಂವ ಕಟ್ಟಿದ್ದೆಲ್ಲಾ ಸೋರತಾವ, ಅದಕ್ಕ ಛತ್ರಿ ಹಿಡದು ತಿರಗತಾನ" ಅಂತ ಉಳಿದರ್ಧ ಅಂದ್ರು. ಜೇವರ್ಗಿಯೊಳಗ ಒಬ್ಬರು ಕೆಲಸ ಕೊಡತೇನಿ ಅಂದವರು ಮಾತು ತಿರುವಿದ್ರು, ಅದೇ ವಾರ ಇಬ್ಬರು ಹೊಸಬರು ಹುಡುಕ್ಕೊಂಡು ಬಂದ್ರು. ಮಳಿಗಾಲದ ಈ ತಿರುಗಾಟ ನನಗ ಲಾಭ ಆಯ್ತೋ ಲುಕ್ಸಾನ ಆಯ್ತೋ, ಇವತ್ತೂ ಹೇಳಾಕ ಬರೂದಿಲ್ಲ.

ನೆಲೋಗಿಯೊಳಗ ಮಾತ್ರ ಖೊಟ್ಟಿ ನಸೀಬ ಎದುರಾಯ್ತು. ಅಲ್ಲಿ ಸಾಲಿ ಕೋಣಿ ನಾವು ಕಟ್ಟಿದ್ದು. ನಾವಿಬ್ಬರೂ ಹೋದ ದಿನವೇ ಓವರ್ಸಿಯರ್ ಸಾಹೇಬರೂ ಬಂದಿದ್ರು. ಅದೇ ಬಲಗಡಿ ಮೂಲಿ ಸೋರಿ, ಗೋಡಿ ಹಸಿ ಆಗಿ, ಮಾಸ್ತರರು ಮಕ್ಕಳನ್ನ ಗುಡಿ ಕಟ್ಟೀ ಮ್ಯಾಲ ಕುಂಡ್ರಿಸಿ ಪಾಠ ಹೇಳಾಕತ್ತಿದ್ರು. ಅದನ್ನ ನೋಡಿ ನನಗ ನೆಲದಾಗ ಇಳದು ಹೋದಂಗಾಯ್ತು.

"ಯಾರು ಇದನ್ನ ಮಟ್ಟ ಮಾಡಿದವರು?" ಅಂತ ಸಾಹೇಬರು ಕೇಳಿದ್ರು.

"ನಾನ್ರಿ ಸಾಹೇಬ್ರ" ಅಂದ್ರು ಲಾಲಸಾಬ ಕಾಕಾ. "ಗುಳ್ಳಿ ನಡುವೇ ಇತ್ರಿ. ನಾ ನೋಡೇ ಇಟ್ಟೀನ್ರಿ. ರಸಮಟ್ಟ ಒಮ್ಮಿ—"

"ಕುಣೀಲಾಕ ಬಾರದಾಕಿ ನೆಲಾ ಡೊಂಕು ಅಂದ್ಲಂತ" ಅಂದ್ರು ಸಾಹೇಬರು. ಸುತ್ತ ನಿಂತವರು ನಕ್ಕರು.

ಲಾಲಸಾಬ ಕಾಕಾ ನನ್ನ ಕಡಿ ತಿರಗಿ, "ಸಾವ್ಕಾರ್ರ, ನೀವರ ಒಮ್ಮಿ ಗುಳ್ಳಿ ನೋಡಿ ಹೇಳ್ರಿ" ಅಂದ್ರು.

ನಾ ಏನು ನೋಡ್ಲಿ, ಏನು ಹೇಳ್ಲಿ? ನನಗ ನೋಡಾಕ ಬರೂದಿಲ್ಲ ಅಂತ ಸಾಹೇಬರ ಮುಂದ ಹೆಂಗ ಹೇಳೂದು? ಸುಮ್ಮನ ನಿಂತೆ. ಕೆಳಗ ನೋಡಿದೆ. ಇಷ್ಟು ವರ್ಷದ ಗುತ್ತೇದಾರಿಕಿಯೊಳಗ ನಾ ಮಾಡಿದ ತಪ್ಪು ಎಣಿಸಿದ್ರ ಮೊದಲನೇದು ಇದು.

ಆಮ್ಯಾಲ ನಾವಿಬ್ಬರೂ ಅಲ್ಲೇ ಹೊರಗ ಕುಂತಾಗ ಕಾಕಾ ಗೋಡಿ ಅಳಿಯೋ ತೂಕದ ಗುಂಡಿಗಿ ದಾರ ಪೋಣಿಸಾಕ ನೋಡಿದ್ರು. ಮೂರು ಸಲ ತಪ್ಪಿತು. ನಾ ನೋಡಿದ್ದು ಅವರಿಗಿ ಗೊತ್ತಾಯ್ತು.

"ಕಣ್ಣು ಜರಾ ಮಂಜಾಗ್ಯಾವ್ರಿ" ಅಂದ್ರು. "ಎರಡು ವರ್ಷ ಆಯ್ತು. ಗುಳ್ಳಿ ಕಾಣತದ ಅಂದ್ಕೊಂಡಿದ್ದೆ. ಕಾಣತಿರಲಿಲ್ಲೇನೋ."

"ಡಾಕ್ಟರಿಗಿ ತೋರಸೂಣು, ಚಸ್ಮಾ ಹಾಕಸೂಣು" ಅಂದೆ.

"ಅದಕ್ಕೇ ನಾ ಪುಣೆಗಿ ಹೋಗಲಿಲ್ರಿ. ಅಲ್ಲಿ ಆಗಿದ್ರ ಮೊದಲನೇ ದಿನಾನೇ ಸಿಕ್ಕೊಳ್ತಿದ್ದೆ."

ಅದನ್ನ ಕೇಳಿ ನನ್ನ ಲೆಕ್ಕವೆಲ್ಲಾ ತಲಿಕೆಳಗ ಆಯ್ತು. ಜಾಳಗಿ ಮಾಡಿಸಿ, ತಿರುಗಾಟ ಹಾಕಿ, ಮಳಿಗಾಲಕ್ಕ ಕೆಲಸ ಹುಟ್ಟಿಸಿ ನಾ ಅವರನ್ನ ಹಿಡದು ಇಟ್ಕೊಂಡೀನಿ ಅಂತ ತಿಳದಿದ್ದೆ. ಅವರು ನಿಂತದ್ದು ತಮ್ಮ ಕಣ್ಣಿಗಿ ಹೆದರಿ. ನೆಲೋಗಿ ಮಾಳಗಿ ಕಾಕಾ ತಮ್ಮ ಕೈಲೆ ಒಡದು ಮತ್ತ ಹಾಕಿಸಿದ್ರು, ಆದ್ರ ಮಟ್ಟ ಮಾತ್ರ ಬ್ಯಾರೆ ಗೌಂಡಿ ಕಡಿಂದ ಅವನ ರಸಮಟ್ಟದಾಗ ನೋಡಿಸಿದ್ರು. ಕೆಲಸ ಮುಗಿದ ದಿನ ತಮ್ಮ ರಸಮಟ್ಟ ತಂದು ನನ್ನ ಕೈಯಾಗ ಇಟ್ರು. "ನೀವು ಕೊಟ್ಟದ್ದು, ನಿಮ್ಮ ಹತ್ರಾನೇ ಇರ್ಲಿ. ಕಾಣದಾಂವ ಕಟ್ಟಬಾರದ್ರಿ" ಅಂದ್ರು. ಚಸ್ಮಾ ಹಾಕಸ್ತೇನಿ ಅಂದೆ, ಬರೇ ಕೂತು ಹೇಳ್ರಿ ಸಾಕು ಅಂದೆ. ಕೇಳಲಿಲ್ಲ. ಆಳಂದಕ್ಕ ಹೋಗಿ ಹೊರಸು, ಅಂದ್ರ ಹಗ್ಗದ ಮಂಚ, ಹೆಣೀತಾ ಕುಂತ್ರು. ಅದಕ್ಕ ಕಣ್ಣು ಬೇಕಾಗೂದಿಲ್ಲ, ಬೆರಳು ಸಾಕು. ನಾ ಎರಡು ಸಲ ಹೋಗಿ ಮಾತಾಡಿಸಿ ಬಂದೆ, ಆಮ್ಯಾಲ ಹೋಗಾಕ ನಾಚಿಕಿ ಆಯ್ತು. ಯಾಕ ನಾಚಿಕಿ ಅಂತ ಆಗ ಗೊತ್ತಿರಲಿಲ್ಲ.

ಹತ್ತು ವರ್ಷ ಹೋಯ್ತು. ಸುಣ್ಣದ ಗಾಣ ನಿಂತು ಎಲ್ಲಾ ಸಿಮೆಂಟ್ ಆಯ್ತು. ಕಲ್ಲು ಹಾಸಿದ ಮಾಳಗಿ ಹೋಗಿ ಸ್ಲ್ಯಾಬ್ ಬಂತು. ಫೂಟು ಹೋಗಿ ಮೀಟರ್ ಬಂತು, ಆದ್ರೂ ಗೌಂಡಿಗಳು ಫೂಟಿನಾಗೇ ಮಾತಾಡಿದ್ರು. ಗೌಂಡಿಗಳು ತಮ್ಮ ತಮ್ಮ ಕಬ್ಬಿಣದ ರಸಮಟ್ಟ ತರಾಕತ್ತಿದ್ರು. ಸಾಗವಾನಿದು ಗೋದಾಮಿನ ಗೂಟಕ್ಕೇ ಇತ್ತು. ಪ್ರತಿ ದಸರಾಕ್ಕ ನಾ ಅದರ ದಾರದ ತುದಿಗಿ ವಿಭೂತಿ ಹಚ್ಚತಿದ್ದೆ, ಕೆಲಸಕ್ಕ ಯಾರೂ ಮುಟ್ಟತಿರಲಿಲ್ಲ.

ಒಂದು ಮಳಿಗಾಲದಾಗ ಜೇವರ್ಗಿ ಕಡಿ ಕೆಲಸಕ್ಕ ಹೊಸದಾಗಿ ಬಂದ ಜೂನಿಯರ್ ಇಂಜಿನಿಯರ್ ನಮ್ಮ ಗೋದಾಮಿನಾಗಿನ ಸಾಮಾನ ನೋಡಾಕ ಬಂದ್ರು. ಹೆಣ್ಮಗಳು, ಇಪ್ಪತ್ತೈದರ ಒಳಗಿನ ವಯಸ್ಸು. ಗೂಟದ ಮ್ಯಾಲಿನ ರಸಮಟ್ಟ ಅವರ ಕಣ್ಣಿಗಿ ಬಿತ್ತು. "ಭಾಳ ಚಂದ ಅದ್ರಿ, ಇಂಥವು ಈಗ ಸಿಗೂದಿಲ್ಲ" ಅಂತ ತಗೊಂಡು ಮೇಜಿನ ಮ್ಯಾಲ ಇಟ್ರು, ಗುಳ್ಳಿ ನೋಡಿದ್ರು. ಆಮ್ಯಾಲ ಏನೂ ವಿಚಾರ ಮಾಡದ, ಅದನ್ನ ಎತ್ತಿ ತುದಿ ಬದಲಿ ಮಾಡಿ ಇಟ್ರು. ದಾರದ ತುದಿ ಎಡಕ್ಕ ಬಂತು. ಹಂಗ ಮಾಡಬ್ಯಾಡ್ರಿ ಅನ್ನಾಕ ಬಾಯಿ ತಗದೆ.

"ಇದು ಸುಳ್ಳು ಹೇಳ್ತದಲ್ರಿ" ಅಂದ್ರು ಅವರು.

"ಏನು ಸುಳ್ಳ್ರಿ ಬಾಯಾರ?"

"ನೋಡ್ರಿ, ಹಿಂಗ ಇಟ್ರೂ ಹೊಳ್ಳಿಸಿ ಇಟ್ರೂ ಗುಳ್ಳಿ ನಿಂತಲ್ಲೇ ನಿಲ್ಲಬೇಕು. ಇಲ್ಲಿ ಆ ಕಡಿ ಓಡ್ತದ, ಈ ಕಡಿ ಓಡ್ತದ. ಕಟ್ಟಿಗಿ ಬಾಗ್ಯಾದ. ನೀರಾಗ ಇಟ್ಟಿದ್ರೇನು?"

ಅಚ್ಚು, ಹಸಿ ಸಿಮೆಂಟು, ನಾ ಹೇರಿದ ಎರಡು ಕಲ್ಲು ಕಣ್ಣ ಮುಂದ ಬಂದ್ವು. ಆದ್ರ ಮರುಗಳಿಗ್ಯಾಗ ಮನಸ್ಸು ಬ್ಯಾರೆ ಅಂತು: ಹತ್ತು ವರ್ಷ ಗೂಟಕ್ಕ ಜೋತು ಈಗ ಬಾಗಿರಬೇಕು. ಕಾಕಾನ ಕಣ್ಣು ಮಂಜಾಗಿದ್ದಂತೂ ಖರೇ. ಯಾವುದು ಮೊದಲು, ಯಾವುದು ಆಮ್ಯಾಲ? ಯಾರ ತಪ್ಪು? ಆ ಇಂಜಿನಿಯರ್ ಬಾಯಾರಿಗಿ ಎಲ್ಲಾ ಹೇಳಿಬಿಟ್ಟೆ, ನನಗ ಗುಳ್ಳಿ ನೋಡಾಕ ಬರೂದಿಲ್ಲ ಅನ್ನೂದನ್ನೂ. ಅವರು ನಗಲಿಲ್ಲ. ಅಲ್ಲೇ ಕುಂತು ಕಲಿಸಿದ್ರು: ತಿರುವಿ ಇಟ್ಟಾಗ ಗುಳ್ಳಿ ಎರಡೂ ಕಡಿ ಅಷ್ಟಷ್ಟೇ ಸರದ್ರ ಕೆಳಗಿನ ಕಲ್ಲು ಮಟ್ಟನೇ ಅದ, ತಪ್ಪು ರಸಮಟ್ಟದ್ದು. ಇಪ್ಪತ್ತು ನಿಮಿಷದ ವಿದ್ಯಾ. ಅದನ್ನ ಕಲಿಯಾಕ ನನಗ ಹದಿನೈದು ಮಳಿಗಾಲ ಖಾಲಿ ಇದ್ದುವು.

ಹೋಗೋ ಮುಂದ ಅವರು ಒಂದು ಮಾತು ಹೇಳಿದ್ರು. "ಕಣ್ಣು ತಪ್ಪಿದ್ರ ಒಮ್ಮಿ ಎಡಕ್ಕ ತಪ್ಪತದ, ಒಮ್ಮಿ ಬಲಕ್ಕ. ರಸಮಟ್ಟ ತಪ್ಪಿದ್ರ ಯಾವಾಗಲೂ ಒಂದೇ ಕಡಿ. ಅವರು ಕಟ್ಟಿದ್ದು ಹೋಗಿ ನೋಡ್ರಿ."

ಮಟ್ಟ ನೋಡಾಕ ನೀರು ತುಂಬಿದ ಪೈಪು ಹಿಡಕೊಂಡು, ಮಳಿಯಾಗ, ಮತ್ತ ಅದೇ ತಿರುಗಾಟ ಹಾಕಿದೆ, ಈ ಸಲ ಒಬ್ಬನೇ. ಜಾಳಗಿ ವರ್ಷಕ್ಕಿಂತ ಮೊದಲು ಲಾಲಸಾಬ ಕಾಕಾ ಕಟ್ಟಿದ ಕಟ್ಟಿ, ನೆಲ, ಮಾಳಗಿ ನೋಡಿದೆ. ಒಂದು ಕೂದಲೆಳಿ ಫರಕ್ ಇಲ್ಲ. ಆಮ್ಯಾಲಿನವು, ದುರಸ್ತಿ ಆಗಲಾರದ್ದು ಹುಡುಕಿ ಹುಡುಕಿ ನೋಡಿದೆ. ಎಲ್ಲಾ ಬಲಕ್ಕೇ ಇಳದಿದ್ದುವು, ಎಲ್ಲಾ ಅಷ್ಟಷ್ಟೇ. ಕಾಕಾ ಬಾಗಲಿಗಿ ಬೆನ್ನು ಮಾಡಿ ಕೆಲಸ ಹಿಡೀತಿದ್ರು, ದಾರದ ತುದಿ ಬಲಗೈ ಕಡಿ. ಮಂಜುಗಣ್ಣಿನ ಮನಷ್ಯಾ ಗುಳ್ಳಿ ನಡುವ ತಂದೇ ತಂದಿದ್ದ. ಸುಳ್ಳು ಹೇಳಿದ್ದು ನಾ ಕೊಟ್ಟ ಸಾಮಾನ.

ಮೂರು ದಿನ ನನಗ ಊಟ ಸೇರಲಿಲ್ಲ. ಹೇಳಬೇಕೋ ಬ್ಯಾಡೋ? ಹೇಳಿದ್ರ ಏನು ಹೊಳ್ಳಿ ಬರತದ? "ನಿಮ್ಮ ಮನಸ್ಸಿನ ಭಾರ ಇಳಸಾಕ ಹೋಗ್ತೀರೋ, ಅವರದು ಇಳಸಾಕ ಹೋಗ್ತೀರೋ" ಅಂತ ಮನಿಯಾಕಿ ಕೇಳಿದ್ಲು. ಅದೂ ನನಗ ತಿಳೀಲಿಲ್ಲ. ರಸಮಟ್ಟ ಟಾವೆಲಿನಾಗ ಸುತ್ತಿಕೊಂಡು ಆಳಂದದ ಬಸ್ಸು ಹತ್ತಿದೆ.

ಲಾಲಸಾಬ ಕಾಕಾ ತಮ್ಮ ಮನಿ ಹೊಸ್ತಲದ ಬಾಜೂಕ ಕುಂತು ಹೊರಸು ಹೆಣಿಯಾಕತ್ತಿದ್ರು. ಕಣ್ಣು ಪೂರಾ ಬೆಳ್ಳಗ ಆಗಿದ್ದುವು.

"ಯಾರದು?"

"ನಾನ್ರಿ ಕಾಕಾ. ಅಫಜಲಪುರದಿಂದ."

"ಸಾವ್ಕಾರ್ರೇನ್ರಿ? ಬರ್ರಿ ಬರ್ರಿ. ಮಳಿ ಬಿತ್ತಲ್ಲ, ಈಗ ನಿಮಗ ಕೆಲಸ ಇರೂದಿಲ್ಲ" ಅಂತ ನಕ್ಕರು. ಒಳಗ ಮಗಳಿಗಿ ಚಾ ಮಾಡಾಕ ಹೇಳಿದ್ರು.

ಚಾ ಬರೋ ತನಕ ತಡೀಲಿಕ್ಕ ಆಗಲಿಲ್ಲ. ಎಲ್ಲಾ ಹೇಳಿದೆ. ರಮಜಾನ್ ತಿಂಗಳು, ಅಚ್ಚು, ಕಲ್ಲು, ಎಣ್ಣಿ ಹಚ್ಚಿ ಗೂಟಕ್ಕ ಹಾಕಿದ್ದು, ನೆಲೋಗಿಯೊಳಗ ಸುಮ್ಮನ ನಿಂತದ್ದು. "ನಿಮ್ಮ ಕೈ ನಾ ಕಸಗೊಂಡೆ ಕಾಕಾ" ಅಂದೆ. ಅವರ ಬೆರಳು ಹೊರಸಿನ ಹಗ್ಗದ ಮ್ಯಾಲ ನಿಂತಿದ್ದುವು. ಆಮ್ಯಾಲ ಕೈ ಚಾಚಿದ್ರು. ರಸಮಟ್ಟ ಕೊಟ್ಟೆ. ತುದಿಯಿಂದ ತುದಿಗಿ ಸವರಿ, ದಾರ ಹುಡುಕಿ ಹಿಡಕೊಂಡ್ರು.

"ನಾವಿಬ್ಬರೂ ಒಮ್ಮಿನೂ ತಿರುವಿ ನೋಡಲಿಲ್ಲಲ್ರಿ" ಅಂದ್ರು. ಬಾಜೂಕಿನ ಕಲ್ಲು ತಟ್ಟಿ, "ಈ ಹೊಸ್ತಲ ನಾ ಇಟ್ಟದ್ದು. ನಿಮ್ಮ ಹತ್ರ ಬರೋಕಿಂತ ಮೊದಲು. ಇದರ ಮ್ಯಾಲ ಇಡ್ರಿ" ಅಂದ್ರು.

ಇಟ್ಟೆ. ದಾರದ ತುದಿ ಬಲಕ್ಕ.

"ನೋಡಿ ಹೇಳ್ರಿ. ನಿಮಗ ಈಗ ಗುಳ್ಳಿ ನೋಡಾಕ ಬರತದಲ್ಲ?"

ನಾ ತಲಿ ಎತ್ತಿ ಅವರ ಮಾರಿ ನೋಡಿದೆ. ನನಗ ಗುಳ್ಳಿ ನೋಡಾಕ ಬರೂದಿಲ್ಲ ಅಂತ ಅವರಿಗಿ ಮೊದಲನೇ ದಿನದಿಂದ ಗೊತ್ತಿತ್ತು. ನೆಲೋಗಿಯೊಳಗ ನನ್ನ ಕಡಿ ತಿರುಗಿದಾಗಲೂ ಗೊತ್ತಿತ್ತು.

"ಬರತದ್ರಿ ಕಾಕಾ. ಬಲಕ್ಕ ಅದ. ಗೆರಿ ದಾಟಿ ಒಂದು ಜೋಳದ ಕಾಳಿನಷ್ಟು."

"ತಿರುವಿ ಇಡ್ರಿ."

ತಿರುವಿ ಇಟ್ಟೆ.

"ಈಗ?"

"ಎಡಕ್ಕ."

"ಎಷ್ಟು?"

"ಅಷ್ಟೇ. ಒಂದು ಜೋಳದ ಕಾಳು."

ಲಾಲಸಾಬ ಕಾಕಾ ಹೊಸ್ತಲದ ಕಲ್ಲಿನ ಮ್ಯಾಲ ಅಂಗೈ ಇಟ್ಟು ಈ ತುದಿಯಿಂದ ಆ ತುದಿಗಿ ಒಂದು ಸಲ ಸವರಿದ್ರು. ಆಮ್ಯಾಲ ಒಳಗ ಒಲಿ ಮುಂದಿದ್ದ ಮಗಳಿಗಿ ಕೇಳಿಸೋವಂಗ ಕೂಗಿ ಹೇಳಿದ್ರು: "ಏ ಬೇ, ನಮ್ಮ ಹೊಸ್ತಲ ಮಟ್ಟ ಅದ ಬೇ. ಸಾವ್ಕಾರ್ರು ನೋಡಿ ಹೇಳಿದ್ರು."